ಮುಳಬಾಗಿಲಿನಿಂದ ಹೊರಟ ಹನ್ನೊಂದು ಸಾಲು

ಬೆಳಗಿನ ಐದೂವರೆ. ಮುಳಬಾಗಿಲು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಾಲಿನ ಕ್ಯಾನುಗಳು ಇನ್ನೂ ಇಳಿಯುತ್ತಿವೆ. ಡಿಟಿಪಿ ಅಂಗಡಿಯ ಶಟರನ್ನು ಅರ್ಧ ಎತ್ತಿ ಒಳಗೆ ಹೋಗುವ ರಜನಿ ಮೊದಲು ಮಾಡುವ ಕೆಲಸ, ಮೋಡೆಮ್‌ಗೆ ಫೋನಿನ ತಂತಿ ಸಿಕ್ಕಿಸುವುದು. ಈ ಹೊತ್ತಿನಲ್ಲಿ ಲೈನ್ ಬೇಗ ಸಿಗುತ್ತದೆ. ಒಂಬತ್ತಕ್ಕೆ ಗಿರಾಕಿಗಳು ಬರುವ ತನಕ ಕಂಪ್ಯೂಟರ್ ಅವರದೇ.

ತಾಯಲೂರಿನ ರಜನಿಗೆ ಈಗ ಮೂವತ್ತೆರಡು. ಓದಿದ್ದು ಪಿಯುಸಿ. ಒಂಬತ್ತು ವರ್ಷಗಳಿಂದ ಇಲ್ಲಿ ದಿನಕ್ಕೆ ನಲವತ್ತು ಪುಟ ಕನ್ನಡ ಟೈಪ್ ಮಾಡುತ್ತಾರೆ. 2005ರಲ್ಲಿ ಮಾಲೀಕ ಶ್ರೀಕೃಷ್ಣ ಅಂಗಡಿಗೆ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ ಹಾಕಿಸಿದರು. ಅದರಲ್ಲಿ ಕೆಲವು ಒತ್ತಕ್ಷರಗಳು ಜಾಗ ತಪ್ಪಿ ಕೂರುತ್ತಿದ್ದವು. ದೇವರಾಯಸಮುದ್ರದ ಮುತ್ಯಾಲಮ್ಮನವರ ವಿಧವಾ ವೇತನದ ಅರ್ಜಿ, ಹೆಸರು ತಪ್ಪಾಗಿದೆಯೆಂದು ಎರಡು ಸಲ ವಾಪಸ್ ಬಂತು.

“‘ನಾನು ಗಟ್ಟಿಯಾಗೇ ಇದ್ದೀನಿ, ನನ್ ಹೆಸ್ರು ಯಾಕಮ್ಮಾ ಮುರ್ದೋಗೈತೆ?’ ಅಂತ ಕೇಳಿದ್ರು ಆಯಮ್ಮ,” ಎನ್ನುತ್ತಾರೆ ರಜನಿ. “ಕೈಯಲ್ಲೇ ಬರ್ದುಕೊಟ್ಟೆ, ಅವ್ರ ಕೆಲ್ಸ ಆಯ್ತು. ಆದ್ರೆ ನಂಗೆ ಸುಮ್ನಿರಕ್ಕೆ ಆಗ್ಲಿಲ್ಲ ಸಾರ್.”

ಇಂಥ ಮುಕ್ತ ತಂತ್ರಾಂಶದ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು, ದುರಸ್ತಿ ಮಾಡಿ ಕಳಿಸಬಹುದು. ಕೋಲಾರದಲ್ಲಿ ಕೊಂಡ ಹಳೆಯ ಪುಸ್ತಕವೊಂದನ್ನು ಪಕ್ಕಕ್ಕಿಟ್ಟುಕೊಂಡು ರಜನಿ ಎಂಟು ತಿಂಗಳು ಕೋಡ್ ಓದಿದರು. ದೋಷ ಸಿಕ್ಕಿತು. ಹನ್ನೊಂದು ಸಾಲು ಬದಲಿಸಿದರೆ ಅಕ್ಷರ ನೆಟ್ಟಗೆ ಕೂರುತ್ತಿತ್ತು.

ಅದನ್ನು ತಂತ್ರಾಂಶ ರೂಪಿಸುವವರಿಗೆ ಕಳಿಸುವುದೇ ಕಷ್ಟವಾಯಿತು. ತೆಗೆದ ಸಾಲಿಗೆ ಮೈನಸ್, ಸೇರಿಸಿದ ಸಾಲಿಗೆ ಪ್ಲಸ್ ಗುರುತು ಹಾಕಿ, ಬದಲಾದ ಭಾಗವನ್ನಷ್ಟೇ ಇ-ಮೇಲ್ ಒಳಗೆ ಬರೆಯಬೇಕು. ಇದನ್ನು ಪ್ಯಾಚ್ ಎನ್ನುತ್ತಾರೆ. ಒಂದು ಖಾಲಿ ಜಾಗ ಹೆಚ್ಚುಕಡಿಮೆಯಾದರೂ ಆ ಕಡೆಯ ಯಂತ್ರ ಅದನ್ನು ತೆಗೆದುಕೊಳ್ಳುವುದಿಲ್ಲ. ರಜನಿ ಮೊದಲು ಇಡೀ ಫೈಲನ್ನೇ ಲಗತ್ತಿಸಿದರು, ತಿರಸ್ಕಾರ. ಎರಡನೆಯ ಸಲ ಮೇಲ್ ಪ್ರೋಗ್ರಾಮ್ ಉದ್ದದ ಸಾಲುಗಳನ್ನು ತಾನಾಗಿಯೇ ಎರಡಾಗಿ ಮುರಿಯಿತು. ಮೂರನೆಯ ಸಲ ಸಾಲಿನ ಮೊದಲಲ್ಲಿ ಜಾಗ ಬಿಡುವ ಟ್ಯಾಬ್‌ಗಳೆಲ್ಲ ಬಿಡಿ ಸ್ಪೇಸ್‌ಗಳಾಗಿ ಹೋದವು. ಆ ತಂತ್ರಾಂಶದ ಕೆಲಸ ಮಾಡುವ ಸಾವಿರಾರು ಜನ ಓದುವ ಇ-ಮೇಲ್ ಪಟ್ಟಿಯಲ್ಲೇ ಉತ್ತರ ಬಂತು: ಪ್ಯಾಚ್ ಹೊಂದುತ್ತಿಲ್ಲ.

“ಅವತ್ತು ಅತ್ತುಬಿಟ್ಟೆ. ಎಲ್ರೆದುರಿಗೆ ದಡ್ಡಿ ಅನ್ನಿಸ್ಕೊಂಡಂಗಾಯ್ತು.” ಗಂಡ ಕದಿರೇಶ್ ಖಾಸಗಿ ಬಸ್ಸಿನ ಕಂಡಕ್ಟರ್. “ಬೇಡ ಅಂದ್ರೆ ಬಿಟ್ಬಿಡೇ, ನಿನ್ಗೇನು ಕರ್ಮ?” ಎಂದರಂತೆ. ಆದರೆ ಆ ಉತ್ತರದ ಕೊನೆಯಲ್ಲಿ ಇನ್ನೊಂದು ಮಾತೂ ಇತ್ತು: ತಿದ್ದಿದ್ದು ಸರಿಯಾಗಿರುವಂತಿದೆ, ಮೊದಲು ನಿಮಗೆ ನೀವೇ ಕಳಿಸಿ ನೋಡಿ.

ರಜನಿ ತಮಗೆ ತಾವೇ ಏಳು ಸಲ ಕಳಿಸಿಕೊಂಡರು. ಬಂದದ್ದನ್ನು ಪ್ರತಿ ಸಲವೂ ತಂತ್ರಾಂಶದ ಹೊಸ ಪ್ರತಿಯೊಂದರ ಮೇಲೆ ಪ್ರಯೋಗಿಸಿದರು. ಏಳನೆಯದು ಹೊಂದಿತು. ಅದನ್ನೇ ಪಟ್ಟಿಗೆ ಕಳಿಸಿದ ಆರನೆಯ ದಿನ ಒಂದು ಸಾಲು ಬಂತು: ಸೇರಿಸಲಾಗಿದೆ, ವಂದನೆಗಳು. “ಮೂರ್ ಸಲ ಓದ್ದೆ. ಆಮೇಲೆ ಎದುರು ಹೋಟ್ಲಿಗೆ ಹೋಗಿ ಒಬ್ಳೇ ಮಸಾಲೆ ದೋಸೆ ತಿಂದೆ,” ಎಂದು ನಗುತ್ತಾರೆ.

ಈ ಎರಡು ವರ್ಷಗಳಲ್ಲಿ ಕಳಿಸಿದ್ದು ಹದಿನಾಲ್ಕು ಪ್ಯಾಚ್, ಸೇರಿದ್ದು ಒಂಬತ್ತು. ಉಳಿದ ಐದು ಯಾಕೆ ತಪ್ಪಾದವೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಮುಂದೇನು ಎಂದು ಕೇಳಿದರೆ ಆ ನೋಟ್‌ಬುಕ್ ಮುಚ್ಚಿಡುತ್ತಾರೆ.

“ನಮ್ ಕಡೆಯೋರು ಯಾರಾದ್ರೂ ಹೊಸಬ್ರು ಒಂದ್ ತಪ್ಪು ಪ್ಯಾಚ್ ಕಳಿಸ್ಬೇಕು ಸಾರ್. ಅದಕ್ಕೆ ಮೊದ್ಲು ಉತ್ತರ ಬರಿಯೋಳು ನಾನಾಗಿರ್ಬೇಕು.”