ಆಂಬುಲೆನ್ಸ್ ನಿಲ್ಲಬೇಕಾದ ಬಿಂದು

ಹೊಸನಗರದ ಒಳಭಾಗದ ಹಳ್ಳಿಗಳಿಗೆ ಬರಲಿದ್ದ ಒಂದೇ ಆಂಬುಲೆನ್ಸ್ ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವ ಹೊಣೆ ನನ್ನದಾಗಿತ್ತು. ಎಲ್ಲ ಮನೆಗಳಿಗೂ ಒಟ್ಟು ದೂರ ಅತ್ಯಂತ ಕಡಿಮೆಯಾಗುವ ಬಿಂದುವನ್ನು ನನ್ನ ಗಣಿತದ ಮಾದರಿ ತೋರಿಸಿತ್ತು. ಅದೊಂದು ತಗ್ಗಿನ ತಿರುವು. ಹೆಮ್ಮೆಯಿಂದಲೇ ಅಲ್ಲಿಗೆ ಹೋಗಿ ನಿಂತೆ.

ಪಕ್ಕದ ಮನೆಯ ಗಿರಿಜಮ್ಮ ಹೊರಬಂದರು. ಅವರ ಮಗಳು ತುಂಬು ಗರ್ಭಿಣಿ.

“ಇಲ್ಲಿ ಗಾಡಿ ನಿಲ್ಸಿದ್ರೆ ಕರೆಯೋದು ಹೆಂಗೆ ಮೇಡಂ?”

“ಫೋನ್ ಮಾಡಿ.”

“ಫೋನಿಗೆ ನೆಟ್‌ವರ್ಕ್ ಸಿಗೋದು ಆ ದಿಬ್ಬದ ಮೇಲೆ ಮಾತ್ರ. ಊರೋರೆಲ್ಲ ಅಲ್ಲಿಗೇ ಹತ್ತಿ ಮಾತಾಡೋದು. ಈ ತಗ್ಗಲ್ಲಿ ನಿಮ್ಮ ಡ್ರೈವರಿಗೂ ಕೇಳ್ಸಲ್ಲ.”

ನನ್ನ ಸೂತ್ರವು ಗಾಡಿ ಹೊರಟ ಮೇಲಿನ ದೂರವನ್ನಷ್ಟೇ ಎಣಿಸಿತ್ತು, ಗಾಡಿಯನ್ನು ಕರೆಯಲು ಹಿಡಿಯುವ ಹೊತ್ತನ್ನಲ್ಲ.

“ಗಾಡಿನೂ ಅಲ್ಲೇ ನಿಲ್ಸಿ. ಕರೆಯೋಕೆ ಹೋದೋರು ಅದ್ರಲ್ಲೇ ಕೂತು ಬಂದು ಮನೆ ತೋರಿಸ್ತಾರೆ. ಫೋನೇ ಬೇಡ.”

ನಕ್ಷೆಯಲ್ಲಿ ತಗ್ಗಿನ ಗುರುತನ್ನು ಹೊಡೆದುಹಾಕಿ ದಿಬ್ಬದ ಮೇಲೆ ಗುರುತು ಹಾಕಿದೆ.

ಹೊಸ ಬಿಂದುವನ್ನು ಕಚೇರಿಗೆ ತಿಳಿಸಲು ನಾನೂ ಆ ದಿಬ್ಬವನ್ನೇ ಹತ್ತಬೇಕಾಯಿತು. ಮೊದಲೇ ತಲುಪಿದ್ದ ಗಿರಿಜಮ್ಮ ಮೇಲಿನಿಂದ ಕೂಗಿದರು: “ನಿಮ್ಮ ಕಾಲು ನಂಬ್ಕೊಂಡಿದ್ರೆ ಇಷ್ಟೊತ್ತಿಗೆ ಮಗು ಹುಟ್ಟೇ ಬಿಡ್ತಿತ್ತು!”

ಈ ಮಾತೊಂದನ್ನು ಬಿಟ್ಟು ಅವರು ಹೇಳಿದ್ದೆಲ್ಲ ನನ್ನ ವರದಿಯಲ್ಲಿದೆ.