ಜಯಮ್ಮ ಮತ್ತು ಮಿಣುಕುಹುಳದ ಬುತ್ತಿ

ನಾಟಿ, ಕಳೆ ಎಂದು ಚಿಕ್ಕಂದಿನಿಂದ ಕೆಸರಲ್ಲಿ ಆಡಿದ ಬೆರಳುಗಳು ಜಯಮ್ಮನವರವು. ಉಗುರು ಸವೆದು ತುದಿ ಒಡೆದಿದ್ದವು. ಅದೇ ಬೆರಳಲ್ಲಿ ಸೂಜಿ ಹಿಡಿದು, ಸೂಕ್ಷ್ಮದರ್ಶಕದ ಕೆಳಗೆ ಹೆಣ್ಣು ಮಿಣುಕುಹುಳದ ಹೊಟ್ಟೆ ಬಿಡಿಸಿ, ಸಾಸಿವೆಗಿಂತ ಸಣ್ಣ ಗಂಟೊಂದನ್ನು ಹರಿಯದ ಹಾಗೆ ಹೊರಗೆ ತೆಗೆಯುತ್ತಿದ್ದರು. ಪ್ರಾಣಿಶಾಸ್ತ್ರ ಕಲಿಸುವ ನನ್ನ ಕೈಯಲ್ಲಿ ಹತ್ತಕ್ಕೆ ಏಳು ಹರಿದೇ ಹೋಗುತ್ತಿದ್ದವು.

ಮದ್ದೂರಿನ ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಅವರು ಅಟೆಂಡರ್. ಊರು ಬೆಸಗರಹಳ್ಳಿ. ನಾನು ಪಿಎಚ್‌ಡಿಗೆ ಮಿಣುಕುಹುಳ ಆರಿಸಿಕೊಂಡಾಗ ಅವರ ಊರಿನ ನಾಲೆ ಏರಿಯ ಮೇಲೆ ಮುಂಗಾರಿನ ಸಂಜೆಗಳಲ್ಲಿ ಬಲೆ ಹಿಡಿದು ಜೊತೆಗೆ ನಿಂತವರು ಅವರೊಬ್ಬರೇ.

ಆ ಗಂಟೇನೆಂದು ಒಮ್ಮೆ ಕೇಳಿದರು. ಹೇಳಿದೆ: ಈ ಹುಳ ಮರಿಯಾಗಿದ್ದಾಗ ಬಸವನಹುಳ ತಿಂದು ತಿಂಗಳುಗಟ್ಟಲೆ ಬೆಳೆಯುತ್ತದೆ. ರೆಕ್ಕೆ ಬಂದ ಮೇಲೆ ಬದುಕುವುದು ಒಂದೆರಡು ವಾರ, ಆಗ ಏನನ್ನೂ ತಿನ್ನುವುದಿಲ್ಲ. ಗಂಡು ಕೂಡುವಾಗ ವೀರ್ಯದ ಜೊತೆ ತನ್ನ ಮೈಯ ಸಾರವನ್ನೂ ಗಂಟು ಕಟ್ಟಿ ಕೊಡುತ್ತದೆ. ಹೆಣ್ಣು ಅದನ್ನು ಕರಗಿಸಿಕೊಂಡು ಮೊಟ್ಟೆಗೆ ಬಳಸುತ್ತದೆ. ಮತ್ತೆ ಮತ್ತೆ ಕೂಡಿದರೆ ಗಂಟು ಚಿಕ್ಕದಾಗುತ್ತಾ ಹೋಗುತ್ತದೆ. ವಿಜ್ಞಾನಿಗಳು ಇದಕ್ಕೆ ಮದುವೆಯ ಉಡುಗೊರೆ ಎನ್ನುತ್ತಾರೆ.

"ಉಡುಗೊರೆ ಯಾಕಾದದು ಮೇಡಂ? ಬಾಣಂತಿ ಬುತ್ತಿ ಕಣಮ್ಮ ಅದು. ತಾನು ಉಪಾಸ ಇದ್ಕಂಡು ಕಟ್ಕೊಡ್ತದಲ್ಲ, ಪಾಪದ್ದು!"

ಅಂದಿನಿಂದ ನಮ್ಮಿಬ್ಬರ ನಡುವೆ ಅದರ ಹೆಸರು ಬುತ್ತಿ. "ಇವತ್ತಿನ ಬುತ್ತಿ ಬಡವಾಗ್ಯದೆ, ಬರ್ಕಳಿ" ಎನ್ನುತ್ತಿದ್ದರು. ನಾನು ಅಳತೆ ಬರೆದುಕೊಳ್ಳುತ್ತಿದ್ದೆ.

ಮೂರನೆಯ ಮುಂಗಾರಿಗೆ ನಾಲೆ ಏರಿಯ ಉದ್ದಕ್ಕೂ ಪಂಚಾಯಿತಿಯವರು ಎಲ್‌ಇಡಿ ದೀಪ ಹಾಕಿಸಿದರು. ಗಂಡು ಮಿನುಗಿದ್ದು ಹೆಣ್ಣಿಗೆ ಕಾಣದಾಯಿತು. ಬಲೆಗೆ ಹುಳವೇ ಇಲ್ಲ. ಬೆಳಗಿನ ಪಾಠ, ಮಧ್ಯಾಹ್ನದ ಪ್ರಾಕ್ಟಿಕಲ್, ಸಂಜೆಯ ಬಸ್ಸು, ಇವುಗಳಲ್ಲಿ ಮೊದಲೇ ಬಸವಳಿದಿದ್ದೆ. ಒಂದು ತಿಂಗಳಾದರೂ ದೀಪ ಆರಿಸಿ ಎಂದು ಅರ್ಜಿ ಬರೆದು, ಜಯಮ್ಮನವರನ್ನು ಕರೆದುಕೊಂಡು ಪಂಚಾಯಿತಿಗೆ ಹೋದೆ. ಅಲ್ಲಿ ಗೆಜ್ಜಲಗೆರೆಯ ಫ್ಯಾಕ್ಟರಿಗೆ ಹೋಗುವ ಹುಡುಗಿಯೊಬ್ಬಳು ಏನೋ ಕೆಲಸಕ್ಕೆ ಬಂದಿದ್ದಳು. ಗುಮಾಸ್ತರು ಅರ್ಜಿ ಓದಿದ್ದು ಕೇಳಿ ತಿರುಗಿದಳು.

"ಉಳ ಮದ್ವೆ ಆಗ್ಲಿ ಅಂತ ನಾವು ಕತ್ಲಲ್ಲಿ ಬರ್ಬೇಕಾ ಜಯಕ್ಕಾ? ಆ ಏರಿ ಮೇಲೆ ಎಷ್ಟು ಎದ್ರಕಂಡು ಬತ್ತಿದ್ದೋ, ನಿಂಗೊತ್ತಿಲ್ವಾ?"

ಜಯಮ್ಮ ಮೇಜಿನ ಮೇಲಿದ್ದ ಅರ್ಜಿಯನ್ನು ಮಡಚಿ ನನ್ನ ಕೈಗಿಟ್ಟರು. "ನಡೀರಿ ಮೇಡಂ. ಆ ಎಣ್ಮಗ ಯೋಳೋದು ದಿಟ."

"ನನ್ನ ಮೂರು ವರ್ಷ ಮಣ್ಣುಪಾಲಾಯಿತಲ್ಲ!" ಎಂದು ದಾರಿಯಲ್ಲೇ ಕೂಗಾಡಿದೆ. ಎರಡು ವಾರ ನಾನು ಜಯಮ್ಮನವರೊಡನೆ ಸರಿಯಾಗಿ ಮಾತಾಡಲಿಲ್ಲ. ಅಷ್ಟರಲ್ಲಿ ಸಂಶೋಧನೆ ಬಿಡುತ್ತೇನೆಂದು ಮಾರ್ಗದರ್ಶಕರಿಗೆ ಪತ್ರ ಕಳಿಸಿಯೂ ಆಗಿತ್ತು. ಬೇಸರಕ್ಕಿಂತ ಹೆಚ್ಚಾಗಿ, ಇನ್ನು ಸಂಜೆ ಮನೆಗೆ ಹೋಗಿ ಮಲಗಬಹುದಲ್ಲ ಎಂಬ ಸಮಾಧಾನವೇ ಇತ್ತು.

ಒಂದು ಸೋಮವಾರ ಜಯಮ್ಮ ತೂತು ಕೊರೆದ ಡಬ್ಬಿಯೊಂದನ್ನು ನನ್ನ ಮುಂದಿಟ್ಟರು. ಒಳಗೆ ಒದ್ದೆ ಹುಲ್ಲು, ಹದಿನೈದಿಪ್ಪತ್ತು ಹುಳ.

"ಕೆರೆ ಇಂದ್ಲ ಗದ್ದೇಲಿ ಸಿಕ್ದೋ. ಅಲ್ಲಿ ಕರೆಂಟು ಕಂಬ ಇಲ್ಲ, ಯಾರೂ ಓಡಾಡಾಕಿಲ್ಲ. ಎರಡು ವಾರದಿಂದ ಉಡುಕ್ತಾ ಇದ್ದೆ."

ಮಂಡಿನೋವಿನಲ್ಲಿ ಅಷ್ಟು ದೂರ ಹೇಗೆ ನಡೆದರೋ. ನಾನು ತಲೆ ತಗ್ಗಿಸಿ, "ಬಿಟ್ಟುಬಿಟ್ಟೆ ಜಯಮ್ಮ. ನನ್ನ ಕೈಲಾಗಲಿಲ್ಲ" ಎಂದೆ.

ಅವರು ನನ್ನನ್ನು ಬೈಯಲಿಲ್ಲ. ಡಬ್ಬಿ ಎತ್ತಿಕೊಂಡರು. "ಅಂಗಾದ್ರೆ ಅರ್ಧ ದಿನ ರಜ ಕೊಡ್ಸಿ. ಎಲ್ಲಿಂದ ತಂದ್ನೋ ಅಲ್ಲೇ ಬುಟ್ಬತ್ತೀನಿ. ಇವುಕ್ಕೆ ಇರೋದೇ ನಾಕು ದಿನ, ಇಲ್ಲಿ ಯಾಕೆ ಕಳೀಬೇಕು?" ಎಂದು ಬಸ್‌ಸ್ಟ್ಯಾಂಡಿನ ಕಡೆಗೆ ಹೊರಟರು. ನಾನೂ ಬರುತ್ತೇನೆ ಎನ್ನಬಹುದಿತ್ತು. ಎನ್ನಲಿಲ್ಲ.

ಆ ತಿಂಗಳ ಕೊನೆಗೆ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ನಾನು ಮೌಲ್ಯಮಾಪನಕ್ಕೆಂದು ಮಂಡ್ಯಕ್ಕೆ ಹೋಗಿದ್ದೆ. ಹೋದ ವರ್ಷ ತೀರಿಕೊಂಡರು. ಸುದ್ದಿ ನನಗೆ ತಿಳಿದದ್ದು ಹದಿನೈದು ದಿನ ತಡವಾಗಿ. ಬೆಸಗರಹಳ್ಳಿಗೆ ಹೋಗಿ ಅವರ ತಂಗಿಯನ್ನು ಮಾತಾಡಿಸಿ, ದಾರಿ ಕೇಳಿಕೊಂಡು ಕೆರೆಯ ಹಿಂದಿನ ಗದ್ದೆಯ ಬದುವಿಗೂ ಹೋದೆ. ಮಳೆ ಬಂದು ನಿಂತಿತ್ತು. ಇನ್ನೂ ಬೆಳಕಿತ್ತು. ಹುಳ ಇವೆಯೋ ಇಲ್ಲವೋ ತಿಳಿಯಲು ಕತ್ತಲಾಗುವವರೆಗೆ ನಿಲ್ಲಬೇಕಿತ್ತು. ಬಸ್ಸು ತಪ್ಪೀತೆಂದು ತಿರುಗಿ ಬಂದುಬಿಟ್ಟೆ.