ಮೇಜರ್ ಮನೆಯ ತಕ್ಕಡಿ

ತಕ್ಕಡಿ ಕೆಟ್ಟಿದೆಯೆಂದು ತ್ಯಾಗರಾಜನಗರದ ನಿವೃತ್ತ ಮೇಜರ್ ಒಬ್ಬರ ಪೋಸ್ಟ್ ಕಾರ್ಡ್ ನಮ್ಮ ರಿಪೇರಿ ಅಂಗಡಿಗೆ ಮೂರನೇ ಸಲ ಬಂತು. ಹೋದೆ. ಅವರು ರೈಫಲ್ ತೋಟಾಗಳ ಖಾಲಿ ಹಿತ್ತಾಳೆ ಕೊಳವೆಗಳನ್ನು ಒಂದೊಂದಾಗಿ ತೂಗಿ, ಒಂದೇ ತೂಕದವನ್ನು ಒಂದೇ ಡಬ್ಬಿಗೆ ಹಾಕುತ್ತಿದ್ದರು. ಅಂಥವಕ್ಕೆ ಮತ್ತೆ ಮದ್ದು ತುಂಬಿ ಹೊಡೆದರೆ ಗುಂಡುಗಳೆಲ್ಲ ಒಂದೇ ಕಡೆ ಬೀಳುತ್ತವಂತೆ.

"ತಕ್ಕಡಿ ಸರಿಯಾಗೇ ಇದೆ ಸಾರ್," ಎಂದೆ.

"ಹೋದ ಸಲಾನೂ ಹಾಗೇ ಅಂದ್ರಿ. ಕೂತ್ಕೊಳ್ಳಿ, ಕಾಫಿ ಮಾಡ್ತೀನಿ."

"ಮುಂದಿನ ಶೂಟಿಂಗ್ ಯಾವಾಗ ಸಾರ್?"

"ರೈಫಲ್ ಮಾರಿ ನಾಲ್ಕು ವರ್ಷ ಆಯ್ತು. ದೂರದ್ದು ಕಣ್ಣಿಗೆ ಕಾಣಲ್ಲ."

ಇಬ್ಬರೂ ಕಾಫಿ ಕುಡಿದೆವು.

"ಸರಿಯಾಗಿದ್ರೆ ಇನ್ನು ನೀವು ಬರಲ್ಲ, ಅಲ್ವಾ?" ಎಂದರು.

ನಾನು ರಿಪೇರಿ ಚೀಟಿಯಲ್ಲಿ, "ದೋಷ ಆಗಾಗ ಕಾಣಿಸಿಕೊಳ್ಳುತ್ತದೆ, ತಿಂಗಳಿಗೊಮ್ಮೆ ನೋಡಬೇಕು" ಎಂದು ಬರೆದೆ. ಎರಡು ವರ್ಷ ತಪ್ಪದೆ ಹೋದೆ. ನನ್ನ ಕೈಯಲ್ಲಿ ರಿಪೇರಿಯಾಗದೆ ಉಳಿದದ್ದು ಅದೊಂದೇ ತಕ್ಕಡಿ.